ಫರ್ಮಾನಿನಲ್ಲಿ ಬರೆದ ದಯೆ: ಮೊಗಲ್ ಆಸ್ಥಾನದಲ್ಲಿ ಜೈನ ಮುನಿಗಳು

1990ರ ಅಕ್ಟೋಬರ್ 23ರಂದು ಲಂಡನ್ನಿನ ಬಕಿಂಗ್‌ಹ್ಯಾಮ್ ಅರಮನೆಯಲ್ಲಿ ‘ಪ್ರಕೃತಿಯನ್ನು ಕುರಿತ ಜೈನ ಘೋಷಣೆ’ಯನ್ನು ರಾಜಕುಮಾರ ಫಿಲಿಪ್ ಅವರಿಗೆ ಅರ್ಪಿಸಲಾಯಿತು. ಅವರು ಆಗ ವಿಶ್ವ ಪ್ರಕೃತಿ ನಿಧಿಯ ಅಂತರರಾಷ್ಟ್ರೀಯ ಅಧ್ಯಕ್ಷರಾಗಿದ್ದರು. ಘೋಷಣೆಯನ್ನು ಬರೆದವರು ನ್ಯಾಯವೇತ್ತರಾದ ಲಕ್ಷ್ಮೀಮಲ್ ಸಿಂಘ್ವಿ. ಅದಕ್ಕೆ ನಾಲ್ಕು ವರ್ಷ ಮೊದಲು, 1986ರಲ್ಲಿ, ಇದೇ ನಿಧಿಯ ಆಹ್ವಾನದ ಮೇರೆಗೆ ಬೌದ್ಧ, ಕ್ರೈಸ್ತ, ಹಿಂದೂ, ಇಸ್ಲಾಂ ಮತ್ತು ಯೆಹೂದಿ ಧರ್ಮಗಳ ಪ್ರತಿನಿಧಿಗಳು ಇಟಲಿಯ ಅಸಿಸಿಯಲ್ಲಿ ಸೇರಿ, ನಿಸರ್ಗದ ಬಗೆಗೆ ತಮ್ಮ ತಮ್ಮ ಧರ್ಮಗಳ ನಿಲುವನ್ನು ಪ್ರಕಟಿಸಿದ್ದರು. ಜೈನರು ಈ ಕೂಟವನ್ನು ತಡವಾಗಿ ಸೇರಿದವರು.

ಸಿಂಘ್ವಿಯವರ ಬರಹದ ತಿರುಳು ತತ್ತ್ವಶಾಸ್ತ್ರದ್ದು. ಅಹಿಂಸೆ, ಅನೇಕಾಂತ, ಜೀವದಯೆ, ತತ್ತ್ವಾರ್ಥಸೂತ್ರದ ಐದನೆಯ ಅಧ್ಯಾಯದಲ್ಲಿ ಬರುವ ಜೀವ-ಜೀವಗಳ ಪರಸ್ಪರ ಉಪಕಾರದ ಕಲ್ಪನೆ, ಇವು ಅಲ್ಲಿನ ಆಧಾರಸ್ತಂಭಗಳು. ಜೈನಧರ್ಮ ಮತ್ತು ಪರಿಸರವನ್ನು ಕುರಿತು ನಂತರ ಬಂದ ಲೇಖನಗಳಲ್ಲಿ ಬಹುಪಾಲು ಇದೇ ಹಾದಿಯವು. ಸೂತ್ರವೊಂದನ್ನು ಎತ್ತಿಕೊಳ್ಳುವುದು, ಅದರಲ್ಲಿ ಇಂದಿನ ಪರಿಸರ ವಿಜ್ಞಾನದ ಬೀಜವನ್ನು ಕಾಣುವುದು, ತೃಪ್ತಿಪಡುವುದು. ಇದರಲ್ಲಿ ತಪ್ಪೇನಿಲ್ಲ. ಆದರೆ ತತ್ತ್ವವನ್ನು ಹೇಳುವುದು ಒಂದು ಕೆಲಸ. ದೊರೆಯ ಮುಂದೆ ನಿಂತು ‘ಈ ಕೆರೆಯಲ್ಲಿ, ಇಷ್ಟು ದಿನ’ ಎಂದು ಕೇಳುವುದು ಬೇರೆಯೇ ಕೆಲಸ. ಆ ಎರಡನೆಯ ಕೆಲಸವನ್ನು ಜೈನ ಸಮುದಾಯವೊಂದು ಬಕಿಂಗ್‌ಹ್ಯಾಮ್ ಅರಮನೆಗೆ ಹೋಗುವ ನಾಲ್ಕು ಶತಮಾನ ಮೊದಲೇ, ಮತ್ತೊಂದು ಅರಮನೆಯಲ್ಲಿ ಮಾಡಿತ್ತು. ಕನ್ನಡದ ಜೈನ ಅಧ್ಯಯನ ಸಹಜವಾಗಿಯೇ ದಿಗಂಬರ ಪರಂಪರೆಯ ಕಡೆಗೆ ಒಲಿದಿರುವುದರಿಂದ, ಅಕ್ಬರ್ ಮತ್ತು ಜಹಾಂಗೀರರ ಆಸ್ಥಾನದಲ್ಲಿದ್ದ ಶ್ವೇತಾಂಬರ ಮುನಿಗಳ ಈ ಪ್ರಕರಣ ನಮ್ಮಲ್ಲಿ ಅಷ್ಟಾಗಿ ಚರ್ಚೆಗೆ ಬಂದಿಲ್ಲ.

ರಾಜಾಜ್ಞೆಯ ಮೂಲಕ ಜೀವರಕ್ಷೆ ಮಾಡಿಸುವ ಪದ್ಧತಿ ಮೊಗಲರಿಗಿಂತ ಬಹಳ ಹಳೆಯದು. ಅಶೋಕನ ಐದನೆಯ ಸ್ತಂಭಶಾಸನ ಕೊಲ್ಲಬಾರದ ಪ್ರಾಣಿಪಕ್ಷಿಗಳ ಉದ್ದನೆಯ ಪಟ್ಟಿಯನ್ನೇ ಕೊಡುತ್ತದೆ. ಕೆಲವು ಹುಣ್ಣಿಮೆಗಳಲ್ಲೂ ಉಪವಾಸದ ದಿನಗಳಲ್ಲೂ ಮೀನನ್ನು ಕೊಲ್ಲಬಾರದು, ಮಾರಬಾರದು ಎನ್ನುತ್ತದೆ. ಕಾರಣವಿಲ್ಲದೆ ಕಾಡಿಗೆ ಬೆಂಕಿ ಇಡಬಾರದು ಎಂದೂ ವಿಧಿಸುತ್ತದೆ. ನಮ್ಮ ಬ್ರಹ್ಮಗಿರಿಯ ಶಾಸನದಲ್ಲಿ ಪ್ರಾಣಿದಯೆಯ ಮಾತು ಉಪದೇಶದ ರೂಪದಲ್ಲಿದೆ. ಸ್ತಂಭಶಾಸನದಲ್ಲಿ ಅದು ದಿನ ಎಣಿಸುವ ಆಜ್ಞೆಯಾಗಿದೆ. ಹನ್ನೆರಡನೆಯ ಶತಮಾನದ ಗುಜರಾತಿನಲ್ಲಿ ಆಚಾರ್ಯ ಹೇಮಚಂದ್ರರ ಪ್ರಭಾವಕ್ಕೆ ಒಳಗಾದ ಚೌಲುಕ್ಯ ದೊರೆ ಕುಮಾರಪಾಲನ ಕಾಲದಲ್ಲಿ ಇದಕ್ಕೆ ‘ಅಮಾರಿ’ ಎಂಬ ಹೆಸರೇ ನಿಂತಿತು. ಅವನ ಸಾಮಂತ ಆಲ್ಹಣದೇವ ಕಿರಾಡುವಿನಲ್ಲಿ ವಿಕ್ರಮ ಸಂವತ್ 1209ರಲ್ಲಿ ಕೆತ್ತಿಸಿದ ಶಾಸನ ಎರಡೂ ಪಕ್ಷಗಳ ಅಷ್ಟಮಿ, ಏಕಾದಶಿ, ಚತುರ್ದಶಿಗಳಂದು ಪ್ರಾಣಿವಧೆಯನ್ನು ನಿಷೇಧಿಸಿ, ಮೀರಿದವರಿಗೆ ದಂಡವನ್ನೂ ಹೇಳುತ್ತದೆ. ಕೊಲೆ ಎಂದೆಂದಿಗೂ ನಿಲ್ಲಲಿ ಎಂದು ಯಾವ ವಾಸ್ತವವಾದಿಯೂ ಕೇಳಲಿಲ್ಲ. ತಿಥಿಗಳನ್ನು ಕೇಳಿದರು.

ಅಕ್ಬರ್ 1572-73ರಲ್ಲಿ ಗುಜರಾತನ್ನು ಗೆದ್ದುಕೊಂಡಾಗ ಈ ನೆನಪನ್ನು ಜೀವಂತವಾಗಿಟ್ಟುಕೊಂಡಿದ್ದ ವರ್ತಕ ಸಮುದಾಯವೊಂದು ಅವನ ಪ್ರಜೆಯಾಯಿತು. ಹತ್ತು ವರ್ಷಗಳ ನಂತರ ತಪಾಗಚ್ಛದ ಆಚಾರ್ಯ ಹೀರವಿಜಯ ಸೂರಿಗಳಿಗೆ ಫತೇಪುರ ಸಿಕ್ರಿಯಿಂದ ಕರೆ ಬಂತು. ಸೂರಿಗಳು 1527ರಲ್ಲಿ ಪಾಲನಪುರದಲ್ಲಿ ಹುಟ್ಟಿದವರು. ಕರೆ ಬಂದಾಗ ಅವರು ಗುಜರಾತಿನ ಗಂಧಾರದಲ್ಲಿದ್ದರು. ಅಹಮದಾಬಾದಿನ ಸುಬೇದಾರ ಕುದುರೆ, ಸವಾರಿ, ಹಣ ಒದಗಿಸಲು ಸಿದ್ಧನಿದ್ದ. ಮುನಿಧರ್ಮಕ್ಕೆ ಅದು ಸಲ್ಲದೆಂದು ಅವರು ಕಾಲ್ನಡಿಗೆಯಲ್ಲೇ ಹೊರಟು 1583ರ ಜೂನ್ ತಿಂಗಳಲ್ಲಿ ಸಿಕ್ರಿಯನ್ನು ತಲುಪಿದರು. ಬಾದಶಹನಿಗೆ ಬಿಡುವಾಗುವವರೆಗೆ ಅವರನ್ನು ಮಾತನಾಡಿಸಿದವನು ಅಬುಲ್ ಫಜಲ್.

ಈ ಭೇಟಿಯನ್ನು ಕುರಿತು ಜೈನ ಕವಿಗಳು ಧಾರಾಳವಾಗಿ ಬರೆದಿದ್ದಾರೆ. ಪದ್ಮಸಾಗರರ ಜಗದ್ಗುರು ಕಾವ್ಯ, ದೇವವಿಮಲರ ಹೀರಸೌಭಾಗ್ಯ ಎರಡೂ ಸಂಸ್ಕೃತದಲ್ಲಿವೆ. ಪರಂಪರೆ ಹೇಳುವ ಒಂದು ಪ್ರಸಂಗ ಹೀಗಿದೆ. ಆಸ್ಥಾನದಲ್ಲಿ ಹಾಸಿದ್ದ ರತ್ನಗಂಬಳಿಯ ಮೇಲೆ ಸೂರಿಗಳು ಕಾಲಿಡಲಿಲ್ಲ. ಕೆಳಗೆ ಜೀವಗಳಿರಬಹುದು ಎಂದರು. ದಿನವೂ ಗುಡಿಸುವ ನೆಲದಲ್ಲಿ ಜೀವ ಎಲ್ಲಿಂದ ಬರಬೇಕು ಎಂದು ಗಂಬಳಿಯನ್ನು ಎತ್ತಿಸಿ ನೋಡಿದರೆ ಇರುವೆಗಳು ಹರಿದಾಡುತ್ತಿದ್ದವು. ಇದನ್ನು ಚರಿತ್ರೆಯೆಂದು ನಂಬಬೇಕಾಗಿಲ್ಲ. ಮುನಿಚರಿತ್ರೆಗಳಲ್ಲಿ ಇಂತಹ ಪವಾಡಸದೃಶ ಘಟನೆಗಳು ಇದ್ದೇ ಇರುತ್ತವೆ. ಆದರೂ ಇಲ್ಲಿನ ಪವಾಡ ಎಷ್ಟು ಸಣ್ಣದು ಎಂಬುದನ್ನು ಸಾಹಿತ್ಯದ ವಿದ್ಯಾರ್ಥಿ ಗಮನಿಸಬೇಕು. ಆಕಾಶವಾಣಿಯಿಲ್ಲ, ಹೂಮಳೆಯಿಲ್ಲ, ಸಾಮ್ರಾಟನ ಕಾಲಡಿಯಲ್ಲಿ ಅವನಿಗೇ ತಿಳಿಯದ ಒಂದು ಇರುವೆಸಾಲು ಇತ್ತು, ಅಷ್ಟೆ.

ಕಾಣಿಕೆಗಳನ್ನು ಸೂರಿಗಳು ಒಪ್ಪಲಿಲ್ಲ. ಪದ್ಮಸುಂದರರೆಂಬ ಜೈನ ಯತಿಗಳು ತೀರಿಕೊಂಡ ಮೇಲೆ ಬಾದಶಹನ ಬಳಿ ಉಳಿದಿದ್ದ ಗ್ರಂಥಗಳನ್ನು ಮಾತ್ರ, ಅದೂ ಬಹಳ ಒತ್ತಾಯದ ಮೇಲೆ ಸ್ವೀಕರಿಸಿ ಆಗ್ರಾದ ಭಂಡಾರಕ್ಕೆ ಕೊಟ್ಟರು. ಕೇಳಿದ್ದು ಬೇರೆ: ಪಂಜರದ ಹಕ್ಕಿಗಳ ಬಿಡುಗಡೆ, ಸೆರೆಯಾಳುಗಳ ಬಿಡುಗಡೆ, ಪರ್ಯುಷಣ ಪರ್ವದಲ್ಲಿ ಪ್ರಾಣಿವಧೆಯ ನಿಷೇಧ, ಸಿಕ್ರಿಯ ಬಳಿಯ ಡಾಬರ ಎಂಬ ದೊಡ್ಡ ಕೆರೆಯಲ್ಲಿ ಮೀನುಗಾರಿಕೆಯ ನಿಷೇಧ. ನಮ್ಮಲ್ಲಿ ಭಾದ್ರಪದದ ದಶಲಕ್ಷಣ ಪರ್ವವನ್ನು ಬಲ್ಲ ಓದುಗರಿಗೆ ಪರ್ಯುಷಣವೆಂದರೆ ಅದಕ್ಕೆ ಹೊಂದಿಕೊಂಡು ಮೊದಲು ಬರುವ ಶ್ವೇತಾಂಬರರ ಎಂಟು ದಿನಗಳ ಪರ್ವ ಎಂದರೆ ಸಾಕು. ಸೂರಿಗಳು ಕೇಳಿದ್ದು ಎಂಟು ದಿನ, ಅಕ್ಬರ್ ತನ್ನ ಪುಣ್ಯಕ್ಕೆಂದು ಇನ್ನೂ ನಾಲ್ಕನ್ನು ಸೇರಿಸಿ 12 ದಿನ ಮಾಡಿದ ಎಂದು ಪರಂಪರೆ ಹೇಳುತ್ತದೆ. 1584ರಲ್ಲಿ ಅವರಿಗೆ ‘ಜಗದ್ಗುರು’ ಎಂಬ ಬಿರುದು ಸಂದಿತು. ಗುಜರಾತಿಗೆ ಮರಳಿದ ಅವರು 1595ರಲ್ಲಿ ಸೌರಾಷ್ಟ್ರದ ಊನಾದಲ್ಲಿ ದೇಹವಿಟ್ಟರು. ಅವರ ಶಿಷ್ಯವರ್ಗದ ಶಾಂತಿಚಂದ್ರರು ಆಸ್ಥಾನದಲ್ಲೇ ಉಳಿದು, ಅಕ್ಬರನ ಕರುಣೆಯನ್ನು ಹೊಗಳುವ ಕೃಪಾರಸಕೋಶವೆಂಬ 128 ಶ್ಲೋಕಗಳ ಕೃತಿಯನ್ನು ರಚಿಸಿದರು. ಹೊಗಳಿಕೆಯೂ ಇಲ್ಲಿ ಒಂದು ಬಗೆಯ ಅರ್ಜಿ. ದೊರೆಯನ್ನು ದಯಾಳುವೆಂದು ಲಿಖಿತವಾಗಿ ಕೊಂಡಾಡಿದರೆ, ಅವನು ಆ ಹೆಸರನ್ನು ಉಳಿಸಿಕೊಳ್ಳಬೇಕಾಗುತ್ತದೆ.

ಇನ್ನು ಕಠಿಣವಾದ ಪ್ರಶ್ನೆ. ಅಕ್ಬರನ ನಿಷೇಧಾಜ್ಞೆಗಳಿಗೆಲ್ಲ ಜೈನ ಮುನಿಗಳೇ ಕಾರಣರೆ? ಕಾವ್ಯಗಳು ಹೌದು ಎನ್ನುತ್ತವೆ. ಪಾರಸಿಕ ಆಕರಗಳು ಅಷ್ಟು ಸುಲಭವಾಗಿ ಒಪ್ಪುವುದಿಲ್ಲ. ಸಂಪ್ರದಾಯನಿಷ್ಠನಾದ ಬದಾಯೂನಿ ಹಿಜರಿ 991ರ, ಅಂದರೆ 1583ರ, ಘಟನೆಗಳನ್ನು ಬರೆಯುತ್ತ ಭಾನುವಾರಗಳಂದು, ಫರ್ವರ್ದೀನ್ ತಿಂಗಳ ಮೊದಲ 18 ದಿನಗಳಲ್ಲಿ, ಬಾದಶಹ ಹುಟ್ಟಿದ ಆಬಾನ್ ತಿಂಗಳಿಡೀ ಪ್ರಾಣಿವಧೆ ನಿಷಿದ್ಧವಾಯಿತೆಂದು ಅಸಮಾಧಾನದಿಂದ ದಾಖಲಿಸುತ್ತಾನೆ. ಇವು ಜೈನ ತಿಥಿಗಳಲ್ಲ. ಸೂರ್ಯನ ಮೇಲಿನ ಅಕ್ಬರನ ಭಕ್ತಿಯೂ, ಅವನು ಒಪ್ಪಿಕೊಂಡ ಪಾರಸಿಕ ಪಂಚಾಂಗವೂ ಇಲ್ಲಿ ಎದ್ದು ಕಾಣುತ್ತವೆ. ಅದಕ್ಕೂ ಐದು ವರ್ಷ ಮೊದಲು, 1578ರಲ್ಲಿ, ಪಂಜಾಬಿನ ಭೇರಾದ ಬಳಿ ಸಾವಿರಾರು ಪ್ರಾಣಿಗಳನ್ನು ಸುತ್ತುಗಟ್ಟಿ ತಂದಿದ್ದ ಮಹಾಬೇಟೆಯನ್ನು ಅಕ್ಬರ್ ಇದ್ದಕ್ಕಿದ್ದಂತೆ ನಿಲ್ಲಿಸಿಬಿಟ್ಟಿದ್ದ. ಆಗ ಹೀರವಿಜಯರ ಹೆಸರು ಆಸ್ಥಾನಕ್ಕೆ ಬಂದಿರಲಿಲ್ಲ. ಇತ್ತ ಅಬುಲ್ ಫಜಲ್ ಐನ್-ಇ-ಅಕ್ಬರಿಯಲ್ಲಿ ಆ ಕಾಲದ ವಿದ್ವಾಂಸರನ್ನು ಐದು ವರ್ಗಗಳಾಗಿ ಪಟ್ಟಿಮಾಡುವಾಗ ಹೀರವಿಜಯರನ್ನು ಮೊದಲ ವರ್ಗದಲ್ಲೂ, ವಿಜಯಸೇನ ಸೂರಿ ಮತ್ತು ಭಾನುಚಂದ್ರರನ್ನು ಐದನೆಯದರಲ್ಲೂ ಇಟ್ಟಿದ್ದಾನೆ. ಆದ್ದರಿಂದ ಮುನಿಗಳ ಪ್ರಭಾವ ಕವಿಕಲ್ಪನೆಯಂತೂ ಅಲ್ಲ. ನನ್ನ ಅಭಿಪ್ರಾಯದಲ್ಲಿ ಅವರು ಅಕ್ಬರನ ಮನಸ್ಸನ್ನು ಬದಲಿಸಿದವರಲ್ಲ, ಬದಲಾಗುತ್ತಿದ್ದ ಮನಸ್ಸಿಗೆ ಕಾಗದದ ರೂಪ ಕೊಡಿಸಿದವರು. ಪ್ರಭುವಿನ ಅರುಚಿ, ಅನುಕಂಪ, ಆವೇಶಗಳು ಒಂದು ದಿನದ ಮಾತು. ಅವನ್ನು ಊರು, ಕೆರೆ, ತಿಥಿಗಳ ಹೆಸರು ಹಾಕಿದ ಫರ್ಮಾನುಗಳಾಗಿಸಿ ಪ್ರಾಂತಗಳ ಅಧಿಕಾರಿಗಳಿಗೆ ತಲುಪಿಸಿದ್ದೇ ಅವರ ಸಾಧನೆ. ಅದೇ ಫರ್ಮಾನುಗಳ ಜೊತೆಗೆ ಜಿಜಿಯಾ ತೆರಿಗೆ, ಶತ್ರುಂಜಯದ ಯಾತ್ರಿಕರ ತೆರಿಗೆಗಳ ವಿನಾಯತಿಯ ಬೇಡಿಕೆಗಳೂ ಇದ್ದವು ಎಂಬುದನ್ನು ಮರೆಮಾಚಬೇಕಿಲ್ಲ. ಸಮುದಾಯದ ಹಿತ ಮತ್ತು ಮೂಕಜೀವಗಳ ಹಿತ ಒಂದೇ ಅರ್ಜಿಯಲ್ಲಿ ಸಾಗಿದವು.

ಭಾನುಚಂದ್ರರ ಹೆಸರು ಬಂದದ್ದರಿಂದ ಒಂದು ಸಾಹಿತ್ಯದ ಮಾತು. ಅಕ್ಬರನಿಗೆ ಸೂರ್ಯನ ಸಹಸ್ರನಾಮವನ್ನು ಹೇಳಿಕೊಟ್ಟವರೆಂದು ಪ್ರಸಿದ್ಧರಾದ ಈ ಉಪಾಧ್ಯಾಯರೇ ಬಾಣನ ಕಾದಂಬರಿಯ ಪೂರ್ವಭಾಗಕ್ಕೆ ಟೀಕೆ ಬರೆದವರು. ಉತ್ತರಭಾಗದ ಟೀಕೆ ಅವರ ಶಿಷ್ಯ ಸಿದ್ಧಿಚಂದ್ರರದು. ಪೂರ್ವಭಾಗದ ಆರಂಭದಲ್ಲೇ ಶಬರರ ಬೇಟೆಯೂ, ಬೂರುಗದ ಮರವನ್ನೇರಿದ ಮುದಿ ಶಬರನು ಗಿಳಿಗಳನ್ನು ಒಂದೊಂದಾಗಿ ಕಿತ್ತು ಕೊಂದು ಕೆಡಹುವ ದೃಶ್ಯವೂ ಬರುತ್ತವೆ. ನಾಗವರ್ಮನ ಕರ್ಣಾಟಕ ಕಾದಂಬರಿಯ ಮೂಲಕ ಕನ್ನಡಿಗರು ಅದನ್ನು ಬಲ್ಲರು. ಭಾನುಚಂದ್ರರ ಟೀಕೆಯ ಕೆಲಸ ಶಬ್ದಾರ್ಥ ಬಿಡಿಸುವುದು. ಅದರಲ್ಲಿ ಧರ್ಮೋಪದೇಶವನ್ನು ಹುಡುಕಹೊರಡುವುದು ಸರಿಯಲ್ಲ. ಆದರೆ ಪಂಜರದ ಹಕ್ಕಿಗಳನ್ನು ಬಿಡಿಸಿದ ಪರಂಪರೆಯ ಮುನಿಯೊಬ್ಬರು, ಬೇಟೆಯೇ ಮುಖ್ಯ ವಿನೋದವಾಗಿದ್ದ ಆಸ್ಥಾನದಲ್ಲಿ ಕುಳಿತು, ಗಿಳಿಮರಿಯೊಂದು ತನ್ನ ತಂದೆಯ ಸಾವನ್ನು ತಾನೇ ಹೇಳುವ ಆ ಭಾಗಕ್ಕೆ ಪದಪದವಾಗಿ ಅರ್ಥ ಬರೆದರು ಎಂಬುದು ನೆನಪಿನಲ್ಲಿಡಬೇಕಾದ ಸಂಗತಿ.

ತಪಾಗಚ್ಛಕ್ಕೆ ದೊರೆತ ಮನ್ನಣೆ ಪ್ರತಿಸ್ಪರ್ಧಿಯಾದ ಖರತರ ಗಚ್ಛವನ್ನೂ ಆಸ್ಥಾನಕ್ಕೆ ತಂದಿತು. ಬಿಕಾನೇರದ ಮಂತ್ರಿಯಾಗಿದ್ದ ಕರ್ಮಚಂದ್ರನ ಮಧ್ಯಸ್ಥಿಕೆಯಿಂದ ಜಿನಚಂದ್ರ ಸೂರಿಗಳು ಖಂಭಾತದಿಂದ ನಡೆದು 1592ರಲ್ಲಿ ಲಾಹೋರಿನಲ್ಲಿ ಅಕ್ಬರನನ್ನು ಕಂಡರು. ಇದೇ ಪರಿವಾರದ ಸಮಯಸುಂದರರು ಎಂಟಕ್ಷರದ ಒಂದು ವಾಕ್ಯಕ್ಕೆ ಎಂಟು ಲಕ್ಷ ಅರ್ಥ ಹೇಳುವ ಅಷ್ಟಲಕ್ಷಿಯನ್ನು ಅದೇ ವರ್ಷ ಆಸ್ಥಾನದಲ್ಲಿ ಓದಿದರು. ಅಷ್ಟಲಕ್ಷಿಗಿಂತ ನನಗೆ ಕುತೂಹಲಕರವಾಗಿ ತೋರುವುದು ಜಿನಚಂದ್ರರು ಪಡೆದ ಫರ್ಮಾನುಗಳು. ಒಂದು, ಆಷಾಢ ಶುಕ್ಲಪಕ್ಷದ ಏಳು ದಿನಗಳ ವಧಾನಿಷೇಧ. ಇನ್ನೊಂದು, ಖಂಭಾತದ ಕೊಲ್ಲಿಯ ಮೀನುಗಳಿಗೆ ಒಂದು ವರ್ಷ ಅಭಯ. ಕೆರೆಯಿಂದ ಕಡಲಿಗೆ ಬೇಡಿಕೆ ಬೆಳೆದದ್ದನ್ನು ನೋಡಿ. ಜೊತೆಗೆ ಅದರ ಮಿತಿಯನ್ನೂ ನೋಡಬೇಕು. ಅಭಯವಿದ್ದದ್ದು ಒಂದೇ ವರ್ಷ. ಆಷಾಢದ ಫರ್ಮಾನಿನ ಕತೆ ಇನ್ನೂ ಬೋಧಪ್ರದ. ಮೂಲಪತ್ರ ಕಳೆದುಹೋದದ್ದರಿಂದ, ಜಿನಚಂದ್ರರ ಶಿಷ್ಯ ಜಿನಸಿಂಹರು ಅಕ್ಬರನ ಕೊನೆಗಾಲದಲ್ಲಿ ಮತ್ತೆ ಬಿನ್ನವಿಸಿಕೊಂಡು ಅದೇ ಆಜ್ಞೆಯನ್ನು ಹೊಸದಾಗಿ ಬರೆಸಿಕೊಳ್ಳಬೇಕಾಯಿತು. ಹತ್ತು-ಹನ್ನೆರಡು ವರ್ಷಗಳಲ್ಲೇ ಆಜ್ಞೆ ಒಂದು ಕಾಗದದ ಹಾಳೆಯ ಮೇಲೆ ನೇತಾಡುತ್ತಿತ್ತು. ಆ ಹಾಳೆ ಕೈಯಲ್ಲಿಲ್ಲದಿದ್ದರೆ ಊರಿನ ಅಧಿಕಾರಿಗೆ ತೋರಿಸಲು ಏನೂ ಇರುತ್ತಿರಲಿಲ್ಲ.

ಜಹಾಂಗೀರನ ಕಾಲಕ್ಕೆ ಬಂದರೆ ಈ ಪರಾಧೀನತೆ ಚಿತ್ರದಲ್ಲೇ ಕಾಣಸಿಗುತ್ತದೆ. 1610ರಲ್ಲಿ ಆಗ್ರಾದ ಜೈನ ಸಂಘ ಗುಜರಾತಿನಲ್ಲಿದ್ದ ವಿಜಯಸೇನ ಸೂರಿಗಳಿಗೆ ಒಂದು ವಿಜ್ಞಪ್ತಿಪತ್ರವನ್ನು ಕಳಿಸಿತು. ಆಚಾರ್ಯರನ್ನು ಚಾತುರ್ಮಾಸಕ್ಕೆ ಆಹ್ವಾನಿಸುವ, ಕ್ಷಮಾಪಣೆ ಕೋರುವ ಇಂತಹ ಸುರುಳಿಪತ್ರಗಳು ಪಶ್ಚಿಮ ಭಾರತದ ಜೈನರಲ್ಲಿ ರೂಢಿಯಲ್ಲಿದ್ದವು. ಈ ಸುರುಳಿಯ ಚಿತ್ರಕಾರ ಉಸ್ತಾದ್ ಸಾಲಿವಾಹನ, ಆಸ್ಥಾನದವನೇ. ಪರ್ಯುಷಣದ ವಧಾನಿಷೇಧದ ಆಜ್ಞೆಯನ್ನು ಜಹಾಂಗೀರ್ ಹೊರಡಿಸುವುದು, ಮುನಿಗಳಾದ ವಿವೇಕಹರ್ಷ ಮತ್ತು ಉದಯಹರ್ಷರು ಅದಕ್ಕಾಗಿ ಶ್ರಮಿಸಿದ್ದು, ಆಜ್ಞೆ ಊರಿಗೆ ತಲುಪುವುದು ಅಲ್ಲಿನ ವಸ್ತು. ತಾನು ಕಂಡದ್ದನ್ನೇ ಬರೆದೆನೆಂದು ಚಿತ್ರಕಾರ ಹೇಳಿಕೊಂಡಿದ್ದಾನೆ. ಧರ್ಮಸಮುದಾಯವೊಂದು ತನ್ನ ಜೀವರಕ್ಷಾ ಪ್ರಯತ್ನವನ್ನು ಆ ಕಾಲದಲ್ಲೇ, ಕಣ್ಣಾರೆ ಕಂಡ ಕಲಾವಿದನಿಂದ ಚಿತ್ರಿಸಿ ಇಟ್ಟ ಇಂತಹ ದಾಖಲೆ ಬಹಳ ವಿರಳ. ಅಕ್ಬರ್ ಕೊಟ್ಟದ್ದನ್ನು ಅವನ ಮಗನಿಂದ ಮತ್ತೆ ಕೇಳಿ ಪಡೆಯಬೇಕಾಗಿತ್ತು ಎಂಬುದೂ ಅದರಿಂದಲೇ ತಿಳಿಯುತ್ತದೆ.

ಆ ಮಗ ಎಂತಹವನು? ತನ್ನ ಹನ್ನೆರಡನೆಯ ವಯಸ್ಸಿನಿಂದ ಐವತ್ತರವರೆಗೆ ತನ್ನ ಸಮ್ಮುಖದಲ್ಲಿ ಬೇಟೆಯಾದ ಪ್ರಾಣಿಪಕ್ಷಿಗಳು 28,532, ಅವುಗಳಲ್ಲಿ ತಾನೇ ಕೊಂದವು 17,167 ಎಂದು ಜಹಾಂಗೀರ್ ತನ್ನ ಆತ್ಮಕಥೆಯಲ್ಲಿ ಲೆಕ್ಕ ಬರೆಸಿದ್ದಾನೆ. ಪರ್ಯುಷಣದ ಆಜ್ಞೆ ಹೊರಡಿಸಿದ ಕೈ ಇದೇ. ಸುಮಾರು 1618ರಲ್ಲಿ ಗುಜರಾತಿನಲ್ಲಿದ್ದಾಗ ಅವನೇ ಜೈನ ಯತಿಗಳನ್ನು ರಾಜ್ಯದಿಂದ ಹೊರಗಟ್ಟುವ ಆಜ್ಞೆ ಮಾಡಿದ. ಖುಸ್ರೋ ದಂಗೆಯೆದ್ದಾಗ ಜಿನಸಿಂಹರು ಜಹಾಂಗೀರನ ಆಳ್ವಿಕೆ ಎರಡೇ ವರ್ಷವೆಂದು ಬಿಕಾನೇರದ ರಾಯಸಿಂಹನಿಗೆ ಭವಿಷ್ಯ ನುಡಿದಿದ್ದರೆಂಬ ಹಳೆಯ ಸಿಟ್ಟು ಅದರ ಹಿಂದಿತ್ತು. ಅದೇ ಅವಧಿಯಲ್ಲಿ ಮೊಮ್ಮಗ ಶುಜಾ ಕಾಯಿಲೆ ಬಿದ್ದಾಗ, ಇನ್ನು ತನ್ನ ಕೈಯಿಂದ ಯಾವ ಜೀವಕ್ಕೂ ನೋವು ಮಾಡುವುದಿಲ್ಲವೆಂದು ಹರಕೆ ಹೊತ್ತ. ಅಹಿಂಸೆಯನ್ನು ಬೋಧಿಸುವವರನ್ನು ಅಟ್ಟಿದ ದೊರೆ ಅಹಿಂಸೆಯ ವ್ರತ ಹಿಡಿದದ್ದನ್ನು ವಿರೋಧಾಭಾಸವೆನ್ನಬಹುದು. ಅವನ ಮಟ್ಟಿಗೆ ಎರಡೂ ಬಾದಶಹನ ಇಚ್ಛೆಗಳೇ.

ಈ ಪ್ರಕರಣವನ್ನು ಪರಿಸರ ಹೋರಾಟವೆಂದು ಕರೆಯಬಹುದೆ? ನಾನು ಹಿಂಜರಿಯುತ್ತೇನೆ. ಫರ್ಮಾನುಗಳ ಕಾಳಜಿ ಕೊಲೆಯದು, ನೆಲೆಯದಲ್ಲ. ಮೀನು ಸಾಯಬಾರದು ಎಂದಿತ್ತೇ ಹೊರತು ಕೆರೆ ಉಳಿಯಬೇಕು ಎಂದಿರಲಿಲ್ಲ. ಜೊತೆಗೆ ಆಜ್ಞೆಯ ಹೊರೆ ಬಿದ್ದದ್ದು ಬೇಡಿದವರ ಮೇಲಲ್ಲ. ಡಾಬರದ ಬೆಸ್ತರು, ಖಂಭಾತದ ಮೀನುಗಾರರು, ಆಗ್ರಾದ ಕಟುಕರು ಆ ದಿನಗಳಲ್ಲಿ ಏನು ಉಂಡರು ಎಂದು ಯಾವ ಕಾವ್ಯವೂ ಕೇಳುವುದಿಲ್ಲ. ಸಂಪನ್ನ ವರ್ತಕರ ಸಮುದಾಯವೊಂದು ಬಡವರ ಕಸುಬಿಗೆ ರಾಜಮುದ್ರೆಯ ತಡೆ ತಂದಿತೆಂಬ ಆಕ್ಷೇಪವನ್ನು ಇಂದಿನ ಸಂಶೋಧಕ ಎದುರಿಸಲೇಬೇಕು.

ಆದರೆ ಅದೇ ಪರಂಪರೆಯೊಳಗೆ ಇನ್ನೊಂದು ಪಟ್ಟಿಯಿದೆ. ಉಪಾಸಕದಶಾ ಸೂತ್ರದಲ್ಲೂ ಹೇಮಚಂದ್ರರ ಯೋಗಶಾಸ್ತ್ರದಲ್ಲೂ ಶ್ರಾವಕನು ಬಿಡಬೇಕಾದ 15 ಕರ್ಮಾದಾನಗಳನ್ನು ಹೇಳಿದೆ. ದಿಗಂಬರರಲ್ಲಿ ಆಶಾಧರರ ಸಾಗಾರ ಧರ್ಮಾಮೃತ ಅವನ್ನು ಖರಕರ್ಮವೆಂದು ಚರ್ಚಿಸುತ್ತದೆ. ಇದ್ದಿಲು ಸುಡುವುದು, ಕಾಡು ಕಡಿದು ಮಾರುವುದು, ನೆಲವನ್ನು ಅಗೆದು ಒಡೆಯುವುದು, ದಂತದ ವ್ಯಾಪಾರ, ವಿಷದ ವ್ಯಾಪಾರ, ಕಾಡಿಗೆ ಬೆಂಕಿ ಇಡುವುದು, ಕೆರೆ-ಮಡುಗಳ ನೀರು ಬತ್ತಿಸುವುದು, ಇವೆಲ್ಲ ಅಲ್ಲಿವೆ. ಇಂದಿನ ಓದುಗನಿಗೆ ಇದು ಗಣಿ, ಕಾರ್ಖಾನೆ, ಕೀಟನಾಶಕಗಳ ಪಟ್ಟಿಯಂತೆ ಕಂಡರೆ ಅಚ್ಚರಿಯಿಲ್ಲ. ಇಲ್ಲಿ ನಿಷೇಧ ಬೆಸ್ತನ ಮೇಲಲ್ಲ, ಬಂಡವಾಳ ಹೂಡುವ ಶ್ರಾವಕನ ಮೇಲೆಯೇ. ಮುನಿಗಳು ಅಕ್ಬರನಿಂದ ಪಡೆದದ್ದು ಪರರಿಗೆ ಅನ್ವಯಿಸುವ ಆಜ್ಞೆ. ಈ 15 ತಮಗೆ ತಾವೇ ಹಾಕಿಕೊಳ್ಳಬೇಕಾದ ವ್ರತ. ಮೊದಲನೆಯದಕ್ಕೆ ಬಿರುದು, ಕಾವ್ಯ, ಚಿತ್ರಗಳ ಗೌರವ ಸಂದಿತು. ಎರಡನೆಯದು ಶ್ರಾವಕಾಚಾರದ ಪುಟಗಳಲ್ಲಿ ಉಳಿಯಿತು. ಜೈನಧರ್ಮ ಮತ್ತು ಪರಿಸರವನ್ನು ಕುರಿತು ಮುಂದೆ ಬರೆಯುವವರು ಸೂತ್ರವೊಂದರ ಸೌಂದರ್ಯಕ್ಕಿಂತ ಈ ಪಟ್ಟಿಯ ಅನುಷ್ಠಾನದ ಇತಿಹಾಸವನ್ನು ಹುಡುಕಿದರೆ ಹೆಚ್ಚು ಸಿಗಬಹುದು: ಯಾವ ಊರಿನ ಯಾವ ವರ್ತಕ ಕುಟುಂಬ ಯಾವ ವ್ಯಾಪಾರವನ್ನು ಬಿಟ್ಟಿತು, ಯಾವುದನ್ನು ಬಿಡಲಿಲ್ಲ?

ದೊರೆಯ ಕಾಗದವಿಲ್ಲದೆ ನಡೆದದ್ದಕ್ಕೂ ಸಾಕ್ಷ್ಯಗಳಿವೆ. 1623ರಲ್ಲಿ, ಅಂದರೆ ಮೀನುಗಳಿಗೆ ಅಭಯ ದೊರೆತು ಮೂರು ದಶಕಗಳಾದ ಮೇಲೆ, ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲ್ಲೆ ಖಂಭಾತಕ್ಕೆ ಬಂದ. ಅಲ್ಲಿ ಅವನು ಹಕ್ಕಿಗಳ ಆಸ್ಪತ್ರೆಯೊಂದನ್ನು ನೋಡಲು ಹೋದ. ಅದು ಜೈನರದೋ ವೈಷ್ಣವ ಬನಿಯಾಗಳದೋ ಎಂಬ ಭೇದ ಆ ಪರದೇಶಿಗೆ ಮುಖ್ಯವಾಗಿರಲಿಲ್ಲ. ಕಾಯಿಲೆಯ, ಕುಂಟುವ, ಜೋಡಿ ಕಳೆದುಕೊಂಡ ಹಕ್ಕಿಗಳಿಗೆ ಅಲ್ಲಿ ಶುಶ್ರೂಷೆ ನಡೆಯುತ್ತಿತ್ತು. ವಾಸಿಯಾದ ಕಾಡುಹಕ್ಕಿಗಳನ್ನು ಹಾರಲು ಬಿಡುತ್ತಿದ್ದರು. ಒಂದು ಮೂಲೆಯಲ್ಲಿ ತಾಯಿ ಸತ್ತ ಇಲಿಮರಿಗಳು ಹತ್ತಿಯ ನಡುವೆ ಒಂದು ಪೆಟ್ಟಿಗೆಯಲ್ಲಿದ್ದವು. ಬಿಳಿಗಡ್ಡದ ಮುದುಕನೊಬ್ಬ ಮೂಗಿನ ಮೇಲೆ ಕನ್ನಡಕವಿಟ್ಟುಕೊಂಡು, ಹಕ್ಕಿಯ ಗರಿಯೊಂದನ್ನು ಹಾಲಿನಲ್ಲಿ ಅದ್ದಿ ಅದ್ದಿ ಅವುಗಳ ಬಾಯಿಗೆ ಇಡುತ್ತಿದ್ದ. ಬೆಳೆದ ಮೇಲೆ ಅವನ್ನು ಬಿಟ್ಟುಬಿಡುವ ಉದ್ದೇಶ ಅವನದಾಗಿತ್ತು.